ಮರೆಯ ಬಟ್ಟಲೂ ಕರಸ್ಥಲದ ಲಿಂಗವೂ

ಲೋಕದಲ್ಲಿ ದೇವರನ್ನು ಪೂಜಿಸುವವರಿಗೆ ಸಾಮಾನ್ಯವಾಗಿ ದೇವಾಲಯವೊಂದಿರುತ್ತದೆ. ಆ ದೇವಾಲಯಕ್ಕೆ ಬಾಗಿಲಿರುತ್ತದೆ; ಬಾಗಿಲಿದ್ದ ಮೇಲೆ ಒಳಗೆಂಬುದೂ ಹೊರಗೆಂಬುದೂ ಇದ್ದೇ ಇರುತ್ತವೆ. ಒಳಗಿರುವಷ್ಟು ಹೊತ್ತು ಭಕ್ತನಾಗಿದ್ದು, ಹೊರಗೆ ಬಂದ ಮೇಲೆ ಮನಬಂದಂತೆ ನಡೆಯಲು ಮನುಷ್ಯನಿಗೆ ಅಲ್ಲಿ ಎಡೆಯುಂಟು. ವೀರಶೈವನಿಗಾದರೋ ಈ ಎಡೆಯಿಲ್ಲ. ಶ್ರೀಗುರುವು ದೀಕ್ಷಾಕಾಲದಲ್ಲಿ ಇಷ್ಟಲಿಂಗವನ್ನು ಶಿಷ್ಯನ ಕರಸ್ಥಲಕ್ಕೆ ಕರುಣಿಸಿದ ಗಳಿಗೆಯಿಂದ ಅವನ ಅಂಗವೇ ಲಿಂಗಕ್ಕೆ ಆಲಯವಾಯಿತು. ಅವನು ಹೊಲಕ್ಕೆ ಹೋದರೆ ಲಿಂಗವೂ ಹೊಲಕ್ಕೆ ಹೋಗುತ್ತದೆ. ಸಂತೆಗೆ ಹೋದರೆ ಸಂತೆಗೆ ಬರುತ್ತದೆ. ಕಡಲು ದಾಟಿದರೆ ಅವನೊಡನೆ ಕಡಲು ದಾಟುತ್ತದೆ. ಆದುದರಿಂದ ‘ಯಾರೂ ಕಾಣದಂತೆ’ ಎಂಬ ಮಾತಿಗೆ ಶರಣಧರ್ಮದಲ್ಲಿ ಅರ್ಥವೇ ಇಲ್ಲ. ಕಾಣತಕ್ಕವನು ಎದೆಯ ಮೇಲೆಯೇ ಇರುವಾಗ ಮರೆಯೆಂಬುದು ಎಲ್ಲಿಯದು?

ಈ ತತ್ತ್ವವು ಸದ್ಭಕ್ತರಿಗೆ ಹೊಸದಲ್ಲ. ಆದರೆ ತತ್ತ್ವವು ಪರೀಕ್ಷೆಗೆ ಬರುವುದು ಮಠದ ಸಭಾಮಂಟಪದಲ್ಲಲ್ಲ. ಬಾಳಿನ ಸಣ್ಣ ಸಣ್ಣ ಸಂದರ್ಭಗಳಲ್ಲಿ. ಅಂತಹ ಒಂದು ಸಂದರ್ಭವನ್ನು ಇಲ್ಲಿ ವಿಚಾರಿಸಬೇಕಾಗಿದೆ. ಇಂದು ನಮ್ಮ ನಾಡಿನ ಅನೇಕ ಭಕ್ತರ ಮನೆಗಳಲ್ಲಿ ಮಗನೋ ಮಗಳೋ ಅಮೇರಿಕಾ ಖಂಡದಲ್ಲಿ ನೆಲಸಿರುವುದುಂಟು. ತಂದೆತಾಯಿಗಳು ಆರು ತಿಂಗಳು ಅಲ್ಲಿದ್ದು ಬರುವುದೂ ಉಂಟು. ಆ ದೇಶದಲ್ಲಿ ರಜೆ ಬಂದಿತೆಂದರೆ ಸಂಸಾರಸಹಿತರಾಗಿ ಸರ್ಕಾರದ ವನೋದ್ಯಾನಗಳಿಗೆ ಹೋಗಿ, ಗುಡಾರ ಹಾಕಿ, ಎರಡು ಮೂರು ರಾತ್ರಿ ತಂಗಿರುವುದು ವಾಡಿಕೆಯಾಗಿದೆ. ಅಲ್ಲಿ ಮದ್ಯಪಾನದ ವಿಷಯದಲ್ಲಿ ಕೆಲವು ನಿಯಮಗಳಿವೆ. ಆ ನಿಯಮಗಳ ಸುತ್ತಲೂ ಕೆಲವು ಉಪಾಯಗಳಿವೆ. ನಿಯಮಗಳಿಗಿಂತ ಈ ಉಪಾಯಗಳೇ ಭಕ್ತನ ಚಿಂತನೆಗೆ ಹೆಚ್ಚು ಯೋಗ್ಯವಾಗಿವೆ.

ಮೊದಲು ಆ ವನೋದ್ಯಾನಗಳ ಸ್ವರೂಪವನ್ನು ತಿಳಿಯುವುದು ಒಳ್ಳೆಯದು. ಅಮೇರಿಕಾ ಸಂಯುಕ್ತ ಸಂಸ್ಥಾನದವರು ೧೮೭೨ರಲ್ಲಿ ಯೆಲ್ಲೋಸ್ಟೋನ್ ಎಂಬ ವಿಶಾಲವಾದ ಅರಣ್ಯಪ್ರದೇಶವನ್ನು ರಾಷ್ಟ್ರೀಯ ಉದ್ಯಾನವೆಂದು ಕಾದಿರಿಸಿದರು. ಬಳಿಕ ಕೇಂದ್ರ ಸರ್ಕಾರವು ಅಂತಹ ಅನೇಕ ಉದ್ಯಾನಗಳನ್ನು ಮಾಡಿತು. ಒಂದೊಂದು ರಾಜ್ಯವೂ ತನ್ನ ಸ್ವಂತ ಉದ್ಯಾನಗಳನ್ನು ಏರ್ಪಡಿಸಿಕೊಂಡಿತು. ಬೆಟ್ಟ, ಸರೋವರ, ಕಾಡುಗಳು ಉಳ್ಳವನೊಬ್ಬನ ಸೊತ್ತಾಗದೆ ಸಕಲರ ಸೊತ್ತಾಗಿರಬೇಕೆಂಬುದು ಅದರ ಹಿಂದಿನ ಭಾವನೆ. ಇದು ನಿಜವಾಗಿಯೂ ಶ್ಲಾಘನೀಯವಾದುದು. ಅಲ್ಪವಾದ ಬಾಡಿಗೆಯನ್ನು ಕೊಟ್ಟ ಯಾವ ಕುಟುಂಬಕ್ಕಾದರೂ ಅಲ್ಲಿ ಒಂದು ಬಿಡಾರದ ತಾಣ ದೊರೆಯುತ್ತದೆ. ಅಲ್ಲಿ ಮರದ ಮೇಜೊಂದು, ಒಲೆಯುರಿಗಾಗಿ ಕಬ್ಬಿಣದ ಬಳೆಯೊಂದು, ಸಮೀಪದಲ್ಲಿ ನೀರಿನ ನಲ್ಲಿಯೊಂದು ಇರುವುದು ಸಾಮಾನ್ಯ. ಒಬ್ಬರ ಗುಡಾರಕ್ಕೂ ಮತ್ತೊಬ್ಬರ ಗುಡಾರಕ್ಕೂ ನಡುವೆ ಗೋಡೆಯಿಲ್ಲ. ರಾತ್ರಿ ಹತ್ತು ಗಂಟೆಯ ಮೇಲೆ ಬೆಳಗಿನ ಆರರ ವರೆಗೆ ಸದ್ದು ಮಾಡಕೂಡದೆಂಬ ಕಟ್ಟಳೆಯು ಬಹುಮಟ್ಟಿಗೆ ಎಲ್ಲ ಕಡೆಯೂ ಇದೆ. ರೇಂಜರ್ ಎಂದು ಕರೆಯಲ್ಪಡುವ ವನಪಾಲಕನು ಆಗಾಗ್ಗೆ ಬಂದು ನೋಡಿಕೊಂಡು ಹೋಗುತ್ತಾನೆ.

ಇಂತಹ ತಾಣದಲ್ಲಿ ಮದ್ಯಕ್ಕೆ ಎಷ್ಟು ಎಡೆಯುಂಟೆಂಬುದು ಎಲ್ಲ ಕಡೆಗೂ ಒಂದೇ ತೆರನಾಗಿಲ್ಲ. ಕೇಂದ್ರ ಸರ್ಕಾರದ ರಾಷ್ಟ್ರೀಯ ಉದ್ಯಾನಗಳಲ್ಲಿ ಸಾಮಾನ್ಯವಾಗಿ ಇಪ್ಪತ್ತೊಂದು ವರ್ಷ ತುಂಬಿದವರು ಕುಡಿಯಬಹುದು. ಆದರೆ ಉದ್ಯಾನದ ಮೇಲಧಿಕಾರಿಯು ಇಂತಹ ಸ್ಥಳದಲ್ಲಿ ಕೂಡದೆಂದು ಗೊತ್ತುಮಾಡಬಲ್ಲನು. ತನಗಾಗಲಿ ಪರರಿಗಾಗಲಿ ಅಪಾಯವಾಗುವಷ್ಟು ಮತ್ತನಾಗಿರುವುದು ಅಲ್ಲಿ ಅಪರಾಧ. ಟೆಕ್ಸಾಸ್ ರಾಜ್ಯದ ಉದ್ಯಾನಗಳಲ್ಲಿ ಸಾರ್ವಜನಿಕವಾಗಿ ಮದ್ಯವನ್ನು ಕುಡಿಯುವುದೂ ಕೂಡದು, ಅದನ್ನು ಹೊರಗೆ ಕಾಣುವಂತೆ ಇಡುವುದೂ ಕೂಡದು. ನೆರೆಯ ಕೆನಡಾ ದೇಶದ ಅಂಟಾರಿಯೋ ಪ್ರಾಂತದ ಉದ್ಯಾನಗಳಲ್ಲಿ ಹತ್ತೊಂಬತ್ತು ವರ್ಷ ತುಂಬಿದವರು ತಾವು ಬಾಡಿಗೆಗೆ ಪಡೆದ ತಾಣದಲ್ಲಿ ಮಾತ್ರ ಕುಡಿಯಬಹುದು, ದಾರಿಯಲ್ಲಿಯೂ ಸರೋವರದ ದಡದಲ್ಲಿಯೂ ಕೂಡದು. ಮೇ ತಿಂಗಳಿನಲ್ಲಿ ಬರುವ ವಿಕ್ಟೋರಿಯಾ ದಿನದ ರಜೆಯ ಕಾಲದಲ್ಲಿ ಅಲ್ಲಿಯ ಕೆಲವು ಉದ್ಯಾನಗಳಲ್ಲಿ ಮದ್ಯವೇ ಪೂರ್ಣವಾಗಿ ನಿಷಿದ್ಧವಾಗಿದ್ದ ಕಾಲವೂ ಇತ್ತು.

ಈ ನಿಯಮಗಳನ್ನು ಮಾಡಿದವರು ಪಾಪಪುಣ್ಯಗಳ ವಿಚಾರವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವರಲ್ಲ. ಪಕ್ಕದ ಗುಡಾರದಲ್ಲಿ ಹಸುಗೂಸು ಮಲಗಿರುತ್ತದೆ. ನೀರಿನ ಮಡುವು ಹತ್ತಿರದಲ್ಲಿದೆ. ಉರಿಯುವ ಕೊಳ್ಳಿಯು ಒಣ ಹುಲ್ಲಿನ ನಡುವೆ ಇದೆ. ಎಲ್ಲರೂ ಮೋಟಾರು ನಡೆಯಿಸಿಕೊಂಡು ಊರಿಗೆ ಹಿಂದಿರುಗತಕ್ಕವರು. ಇವರೆಲ್ಲರ ನೆಮ್ಮದಿಯೂ ಸುರಕ್ಷತೆಯೂ ಕೆಡಬಾರದೆಂಬುದಷ್ಟೇ ಅಲ್ಲಿಯ ಉದ್ದೇಶ. ರಾಜಶಾಸನಕ್ಕೆ ಕಾಣುವುದು ಹೊರಗಿನ ನಡೆ ಮಾತ್ರ. ಅದು ಕಣ್ಣಿಗೆ ಬೀಳುವ ಸೀಸೆಯನ್ನು ಹಿಡಿಯಬಲ್ಲದು. ಮನಸ್ಸಿನೊಳಗಿನ ಬಯಕೆಯನ್ನು ಹಿಡಿಯಲಾರದು.

ಶಾಸನದ ಈ ಮಿತಿಯನ್ನು ಬಲ್ಲ ಜನರು ಉಪಾಯವನ್ನು ಕಂಡುಕೊಂಡಿದ್ದಾರೆ. ಬೀರಿನ ಡಬ್ಬಿಯನ್ನು ಬಟ್ಟೆಯ ಚೀಲದಲ್ಲಿ ಅಡಗಿಸುವುದು, ಒಳಗಿನದು ಕಾಣದಂತಹ ಮುಚ್ಚಳದ ಲೋಟಕ್ಕೆ ಸುರಿದುಕೊಳ್ಳುವುದು, ಬರಿದಾದ ಸೀಸೆಯನ್ನು ಒಡನೆಯೇ ಪೆಟ್ಟಿಗೆಗೆ ಸೇರಿಸುವುದು, ದನಿಯನ್ನು ತಗ್ಗಿಸಿ ಮಾತಾಡುವುದು — ಇವೇ ಆ ಉಪಾಯಗಳು. ಗಲಭೆಯಿಲ್ಲದಿದ್ದರೆ ಪಾಲಕನೂ ಲೋಟದ ಮುಚ್ಚಳವನ್ನು ತೆಗೆದು ನೋಡಹೋಗದಿರುವುದುಂಟು. ಹೀಗೆ ನಿಯಮವೂ ಉಳಿಯುತ್ತದೆ, ಕುಡಿತವೂ ನಡೆಯುತ್ತದೆ. ಇದು ಆ ದೇಶದಲ್ಲಿ ನೆನ್ನೆ ಹುಟ್ಟಿದ ಜಾಣತನವೂ ಅಲ್ಲ. ಅಲ್ಲಿ ೧೯೨೦ರ ಜನವರಿಯಿಂದ ೧೯೩೩ರ ಡಿಸೆಂಬರಿನ ವರೆಗೆ ಮದ್ಯದ ತಯಾರಿಕೆ, ಮಾರಾಟ, ಸಾಗಾಣಿಕೆಗಳು ಸಂವಿಧಾನದ ಮೂಲಕವೇ ನಿಷಿದ್ಧವಾಗಿದ್ದುವು. ಆಗ ನಗರಗಳಲ್ಲಿ ಗುಪ್ತವಾದ ಪಾನಗೃಹಗಳು ನಡೆಯುತ್ತಿದ್ದುವು. ಮೆಲ್ಲಗೆ ಮಾತಾಡೆಂಬ ಅರ್ಥ ಬರುವಂತೆ ಅವುಗಳನ್ನು ಜನರು ‘ಸ್ಪೀಕ್‌ಈಸಿ’ ಎಂದು ಕರೆಯುತ್ತಿದ್ದರು. ನಿಷೇಧವು ಹೋಯಿತು, ಮೆಲುದನಿಯ ಅಭ್ಯಾಸವು ಮಾತ್ರ ಗುಡಾರಗಳ ನಡುವೆ ಉಳಿದುಕೊಂಡಿದೆ.

ಹೀಗೆ ಮರೆಯಲ್ಲಿ ಕುಡಿಯುವವನನ್ನು ಕೇಳಿದರೆ ಅವನ ಉತ್ತರವು ಸಿದ್ಧವಾಗಿಯೇ ಇರುತ್ತದೆ. “ನಾನು ಕೂಗಾಡುವುದಿಲ್ಲ, ಯಾರ ಮೇಲೆಯೂ ಬೀಳುವುದಿಲ್ಲ, ಸೀಸೆಯನ್ನು ಕಾಡಿನಲ್ಲಿ ಎಸೆಯುವುದಿಲ್ಲ. ಯಾರಿಗೂ ಕಾಣದ ಕೆಲಸದಿಂದ ಯಾರಿಗೆ ತೊಂದರೆ?” ಈ ಮಾತನ್ನು ಒಮ್ಮೆಗೇ ತಳ್ಳಿಹಾಕುವುದು ನ್ಯಾಯವಲ್ಲ. ಗದ್ದಲ ಮಾಡುವವನಿಗಿಂತ ಮಾಡದಿರುವವನು ನೆರೆಯವರ ಪಾಲಿಗೆ ಮೇಲು. ಆದರೆ ಅವನ ಉತ್ತರವು ಪೂರ್ಣವಾಯಿತೇ ಎಂಬುದನ್ನು ನೋಡಬೇಕು.

ಮೊದಲನೆಯದಾಗಿ, ಮುಚ್ಚಿದ ಲೋಟವು ಪಾಲಕನ ಕಣ್ಣಿಗೆ ಮರೆಯಾಗುವಂತೆಯೇ ಕುಡಿಯುವವನ ಕಣ್ಣಿಗೂ ಮರೆಯಾಗುತ್ತದೆ. ಎಷ್ಟು ಸುರಿದೆನೆಂಬುದು ತನಗೇ ತಿಳಿಯುವುದಿಲ್ಲ. ಸಾಧಾರಣವಾದ ೩೫೫ ಮಿಲಿಲೀಟರ್ ಬೀರಿನಲ್ಲಿಯೂ, ೪೪ ಮಿಲಿಲೀಟರ್ ವಿಸ್ಕಿಯಲ್ಲಿಯೂ ಸುಮಾರು ೧೪ ಗ್ರಾಂ ಶುದ್ಧ ಮದ್ಯಸಾರವಿರುತ್ತದೆಂದು ಅಮೇರಿಕದವರ ಲೆಕ್ಕ. ಅಷ್ಟನ್ನು ಕರಗಿಸಲು ದೇಹಕ್ಕೆ ಹೆಚ್ಚು ಕಡಿಮೆ ಒಂದು ಗಂಟೆ ಬೇಕು. ಕಾಫಿ ಕುಡಿದರಾಗಲಿ ತಣ್ಣೀರು ಸುರಿದುಕೊಂಡರಾಗಲಿ ಆ ಕಾಲವು ಕಡಿಮೆಯಾಗದು. ದೊಡ್ಡ ಲೋಟದಲ್ಲಿ ಅಂತಹ ಮೂರು ನಾಲ್ಕು ಪಾಲು ಸುಲಭವಾಗಿ ಹಿಡಿಸುತ್ತದೆ. ಎರಡನೆಯದಾಗಿ, ಬಯಲಿನ ಚಳಿಗೆ ಮದ್ಯವು ಬೆಚ್ಚನೆಯದೆಂದು ನಂಬುವವರುಂಟು. ಅದು ಚರ್ಮದ ರಕ್ತನಾಳಗಳನ್ನು ಅಗಲಿಸುವುದರಿಂದ ಮೈ ಬೆಚ್ಚಗಾದಂತೆ ತೋರುತ್ತದೆ. ವಾಸ್ತವವಾಗಿ ಒಳಗಿನ ಕಾವು ಹೊರಗೆ ಸೋರಿಹೋಗುತ್ತಿರುತ್ತದೆ. ಮರೆಯಲ್ಲಿ ಕುಡಿದವನ ಕಾಲು ಸರೋವರದ ದಡದಲ್ಲಿ ಜಾರದೆಂದು ಯಾರೂ ಹೊಣೆ ನಿಲ್ಲಲಾರರು.

ನಮ್ಮ ಪ್ರಾಚೀನರಿಗೂ ಈ ವಿಷಯವು ಅಪರಿಚಿತವಾಗಿರಲಿಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಇಪ್ಪತ್ತನಾಲ್ಕನೆಯ ಅಧ್ಯಾಯವು ಮದಾತ್ಯಯವೆಂಬ ಮದ್ಯವಿಕಾರಕ್ಕೇ ಮೀಸಲಾಗಿದೆ. ಮೊದಲು ಹರ್ಷ, ಅನಂತರ ಮಾತಿನ ತೊಡಕು ಮತ್ತು ನೆನಪಿನ ಗೊಂದಲ, ಕೊನೆಗೆ ಅರಿವಳಿದ ಸ್ಥಿತಿ ಎಂಬ ಕ್ರಮವು ಅಲ್ಲಿ ನಿರೂಪಿತವಾಗಿದೆ. ಆಧುನಿಕ ವೈದ್ಯವಿಜ್ಞಾನವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಮದ್ಯವು ಅರ್ಬುದರೋಗಕ್ಕೆ ಕಾರಣವಾಗಬಲ್ಲುದೆಂದು ೧೯೮೮ರಲ್ಲಿಯೇ ಅಂತರರಾಷ್ಟ್ರೀಯ ಸಂಸ್ಥೆಯು ನಿರ್ಣಯಿಸಿತು. ಆರೋಗ್ಯಕ್ಕೆ ಅಪಾಯವಿಲ್ಲದ ಪ್ರಮಾಣವೆಂಬುದು ಮದ್ಯದಲ್ಲಿ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಾರಿತು. ಇವೆಲ್ಲವೂ ದೇಹದ ಮಾತಾಯಿತು. ಭಕ್ತನಿಗೆ ಇದಕ್ಕಿಂತ ಒಳಗಿನ ಮಾತೊಂದಿದೆ. ಅದನ್ನು ಸಿದ್ಧಾಂತರೂಪದಲ್ಲಿ ಹೇಳುವುದಕ್ಕಿಂತ ದೃಷ್ಟಾಂತದ ಮೂಲಕ ನೋಡುವುದು ಲೇಸು.

ಧಾರವಾಡ ಸೀಮೆಯ ಒಕ್ಕಲುಮನೆಯ ವೃದ್ಧಭಕ್ತನೊಬ್ಬನು ಟೆಕ್ಸಾಸಿನಲ್ಲಿದ್ದ ಮಗನ ಮನೆಗೆ ಹೋಗಿದ್ದನೆಂದು ಭಾವಿಸಬಹುದು. ಕಾರ್ತಿಕಮಾಸದ ಒಂದು ರಜೆಯಲ್ಲಿ ಮಗನು ತಂದೆಯನ್ನೂ ಹೆಂಡತಿಯನ್ನೂ ಎಂಟು ವರ್ಷದ ಮಗನನ್ನೂ ಕರೆದುಕೊಂಡು, ಸ್ನೇಹಿತರ ಎರಡು ಸಂಸಾರಗಳೊಡನೆ ಸರೋವರದ ಬಳಿಯ ಉದ್ಯಾನದಲ್ಲಿ ಗುಡಾರ ಹಾಕಿದನು. ಸಂಜೆಯಾಯಿತು, ಬೆಂಕಿ ಹೊತ್ತಿತು. ಹೆಂಗಸರು ಅಡಿಗೆಯಲ್ಲಿದ್ದರು. ಗಂಡಸರ ಕೈಗಳಲ್ಲಿ ಮುಚ್ಚಳವಿದ್ದ ಎತ್ತರದ ಉಕ್ಕಿನ ಲೋಟಗಳಿದ್ದುವು. ಅಷ್ಟರಲ್ಲಿ ವನಪಾಲಕನು ಸಣ್ಣ ಗಾಡಿಯಲ್ಲಿ ಬಂದು, ಎಲ್ಲವೂ ಕ್ಷೇಮವೇ ಎಂದು ಕೇಳಿದನು. ಮಗನು ಲೋಟವನ್ನು ಮೇಲೆತ್ತಿ, ಎಲ್ಲವೂ ಕ್ಷೇಮವೆಂದು ನಗುನಗುತ್ತ ಹೇಳಿದನು. ಗಾಡಿಯು ಮರಗಳ ಆಚೆ ಮರೆಯಾದೊಡನೆ ಗಂಡಸರೆಲ್ಲರೂ ಗೊಳ್ಳೆಂದು ನಕ್ಕರು.

“ಅಜ್ಜಾ, ಅವರೆಲ್ಲ ಯಾಕೆ ನಕ್ಕರು?” ಎಂದು ಬಾಲಕನು ಕೇಳಿದನು.

ವೃದ್ಧನು ತಿಳಿಯದವನಲ್ಲ. ಆದರೆ ಹತ್ತು ಜನರ ಮುಂದೆ ಮಗನ ಮಾನವನ್ನು ಕಳೆಯುವುದು ಅವನಿಗೆ ಸರಿದೋರಲಿಲ್ಲ. “ನಿಮ್ಮ ಅಪ್ಪನನ್ನು ಕೇಳು, ಮಗೂ. ಹೇಳುತ್ತಾನೆ” ಎಂದು ಸುಮ್ಮನಾದನು. ಬಾಲಕನು ಕೇಳಲಿಲ್ಲ, ಬೆಂಕಿಯನ್ನು ನೋಡುತ್ತ ನಿದ್ದೆಹೋದನು.

ಬೆಳಗಿನ ಜಾವ ವೃದ್ಧನು ಎದ್ದು, ನಲ್ಲಿಯ ತಣ್ಣೀರಿನಲ್ಲಿ ಮಿಂದು, ಮೇಜಿನ ಪಕ್ಕದಲ್ಲಿ ಕಂಬಳಿಯನ್ನು ಹಾಸಿ, ವಿಭೂತಿಯನ್ನು ಧರಿಸಿ, ಕರಡಿಗೆಯನ್ನು ಬಿಚ್ಚಿ ಲಿಂಗವನ್ನು ಎಡಗೈಯ ಕರಸ್ಥಲದಲ್ಲಿ ಇರಿಸಿಕೊಂಡನು. ನೋಡಿದರೆ ಮಜ್ಜನದ ಗಿಂಡಿಯು ಮೋಟಾರಿನಲ್ಲಿಯೇ ಉಳಿದಿತ್ತು. ಮೊಮ್ಮಗನು ಎಚ್ಚರಗೊಂಡು ಗುಡಾರದ ಬಾಯಲ್ಲಿ ನಿಂತಿದ್ದನು. “ಮಗೂ, ಲಿಂಗಯ್ಯನ ಮಜ್ಜನಕ್ಕೆ ಒಂದಿಷ್ಟು ನೀರು ತಾ” ಎಂದನು ಅಜ್ಜನು. ಬಾಲಕನು ಸಂಭ್ರಮದಿಂದ ಮೇಜಿನ ಮೇಲೆ ಮೊದಲು ಕೈಗೆ ಸಿಕ್ಕಿದ ಪಾತ್ರೆಯನ್ನು ತೆಗೆದುಕೊಂಡು, ನಲ್ಲಿಯಲ್ಲಿ ಚೆನ್ನಾಗಿ ತೊಳೆದು, ನೀರು ತುಂಬಿ, ಎರಡೂ ಕೈಗಳಿಂದ ಹಿಡಿದು ತಂದನು. ಅದು ತಂದೆಯ ಉಕ್ಕಿನ ಲೋಟವಾಗಿತ್ತು.

ಆ ಹೊತ್ತಿಗೆ ಹೊರಗೆ ಬಂದ ಮಗನು ಅದನ್ನು ಕಂಡನು, ಕಂಡವನೇ ಓಡಿಬಂದು, “ಅದಲ್ಲ! ಆ ಲೋಟ ಬೇಡ!” ಎಂದು ಮಗುವಿನ ಕೈಯಿಂದ ಕಸಿದುಕೊಂಡನು. ನೀರು ಕಂಬಳಿಯ ಮೇಲೆ ಚೆಲ್ಲಿತು.

“ತೊಳೆದಿದ್ದೇನಲ್ಲ, ಅಪ್ಪಾ. ಇದರಲ್ಲಿ ಏನಿತ್ತು?” ಎಂದನು ಬಾಲಕನು.

ಮಗನಿಗೆ ಮಾತು ಹೊರಡಲಿಲ್ಲ. ವೃದ್ಧನು ಕರಸ್ಥಲದಿಂದ ದೃಷ್ಟಿಯನ್ನು ತೆಗೆಯದೆ, “ತಮ್ಮಾ, ರಾತ್ರಿ ಕಾವಲುಗಾರನ ಮುಂದೆ ಎತ್ತಿ ತೋರಿಸಿದ ಲೋಟವನ್ನು ಈಗ ಯಾಕೆ ಬೆನ್ನ ಹಿಂದೆ ಹಿಡಿದೆ?” ಎಂದು ಮೆಲ್ಲಗೆ ಕೇಳಿದನು.

ಮಗನು ಸ್ವಲ್ಪ ಹೊತ್ತು ನಿಂತಿದ್ದು, ಬಳಿಕ ಮಗುವಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತನು. “ಇದರಲ್ಲಿ ಮದ್ಯವಿತ್ತು. ಇಲ್ಲಿ ಎಲ್ಲರೆದುರಿಗೆ ಅದನ್ನು ಕುಡಿಯಕೂಡದು. ಅದಕ್ಕಾಗಿ ಮುಚ್ಚಿಕೊಂಡು ಕುಡಿದೆ. ಆ ಕಾವಲುಗಾರನಿಗೆ ತಿಳಿಯಲಿಲ್ಲವೆಂದು ನಕ್ಕೆವು” ಎಂದು ಹೇಳಿದನು. ಹೇಳುವಾಗ ಅವನ ದನಿಯು ರಾತ್ರಿಯ ಮೆಲುದನಿಯಾಗಿರಲಿಲ್ಲ. ಅದು ಬೇರೆ ಬಗೆಯಾಗಿತ್ತು. ಗಿಂಡಿಯು ಬಂದಿತು, ಪೂಜೆಯು ನೆರವೇರಿತು. ವೃದ್ಧನು ಮೊಮ್ಮಗನಿಗೆ ವಿಭೂತಿಯನ್ನಿಟ್ಟು, ಮಗನ ಕಡೆಗೆ ನೋಡಿ, “ನೀನೂ ಪೂಜೆಗೆ ಕುಳಿತುಕೊಳ್ಳಬಾರದೆ?” ಎಂದನು.

“ನನ್ನ ಲಿಂಗ ಮನೆಯಲ್ಲಿದೆ, ಅಪ್ಪಾ. ಇಲ್ಲಿಗೆ ಹೊರಡುವಾಗ ತೆಗೆದಿಟ್ಟು ಬಂದೆ” ಎಂದು ಮಗನು ತಲೆತಗ್ಗಿಸಿದನು.

ವೃದ್ಧನು ಗದರಿಸಲಿಲ್ಲ. “ತೆಗೆದಿಟ್ಟು ಬಂದೆಯಾದರೆ, ಅದು ನೋಡುತ್ತದೆಂಬ ನಂಬಿಗೆ ನಿನಗೆ ಇನ್ನೂ ಇದೆಯೆಂದಾಯಿತು. ಅಷ್ಟು ಉಳಿದಿದ್ದರೆ ಸಾಕು, ತಮ್ಮಾ. ಅಲ್ಲಿಂದಲೇ ಮೊದಲು ಮಾಡು” ಎಂದು ಹೇಳಿ ಕಂಬಳಿಯನ್ನು ಮಡಿಸಿದನು.

ಈ ದೃಷ್ಟಾಂತದಲ್ಲಿ ವಿಚಾರಿಸತಕ್ಕ ಸಂಗತಿಗಳು ಮೂರಿವೆ.

ಒಂದನೆಯದು: ಆ ಲೋಟವು ಮಜ್ಜನಕ್ಕೆ ಅಯೋಗ್ಯವಾದುದೇಕೆ? ಮಗುವು ಅದನ್ನು ತೊಳೆದಿತ್ತು. ಉಕ್ಕಿಗೆ ಮೈಲಿಗೆಯಿಲ್ಲ. ಜಾತಿ, ಜನನ, ಮರಣ, ರಜಸ್ಸು, ಎಂಜಲು ಎಂಬ ಪಂಚಸೂತಕಗಳನ್ನು ಲಿಂಗವಂತನಿಗೆ ಇಲ್ಲವೆಂದು ಸಾರಿದ ಧರ್ಮವಿದು. ಹಾಗಿರಲು ಎಂಜಲಿನ ಕಾರಣದಿಂದ ಆ ಲೋಟವು ಕೆಟ್ಟಿತೆಂದು ಹೇಳುವಂತಿಲ್ಲ. ಮಗನನ್ನು ಓಡಿಸಿಕೊಂಡು ಬಂದದ್ದು ಲೋಹದ ಮೈಲಿಗೆಯಲ್ಲ, ಮರೆಮಾಚಿದ ಕ್ರಿಯೆಯ ಅಳುಕು. ಯಾವುದನ್ನು ಅವನು ರಾತ್ರಿ ಜಾಣತನವೆಂದು ಎಣಿಸಿದ್ದನೋ ಅದೇ ಬೆಳಿಗ್ಗೆ ಲಿಂಗದ ಸನ್ನಿಧಿಗೆ ಬರುವಾಗ ಅವನಿಗೇ ಅಸಹ್ಯವಾಯಿತು. ಯಾರೂ ಅವನ ಮೇಲೆ ಆರೋಪ ಹೊರಿಸಲಿಲ್ಲ. ವನಪಾಲಕನು ದಂಡ ವಿಧಿಸಲಿಲ್ಲ. ಅವನ ಅಂತಸ್ಸಾಕ್ಷಿಯೇ ಎದ್ದುನಿಂತಿತು.

ಶರಣರು ಅರ್ಪಿತವೆಂದೂ ಅನರ್ಪಿತವೆಂದೂ ಮಾಡಿದ ವಿಭಾಗದ ಮರ್ಮವು ಇಲ್ಲಿದೆ. ಭಕ್ತನ ಮುಂದೆ ಬಂದ ವಸ್ತುವು ಮೊದಲು ಪದಾರ್ಥ. ಲಿಂಗಕ್ಕೆ ಅರ್ಪಿತವಾದ ಮೇಲೆ ಪ್ರಸಾದ. ಪ್ರಸಾದವಲ್ಲದ್ದನ್ನು ಭಕ್ತನು ಸ್ವೀಕರಿಸತಕ್ಕದ್ದಲ್ಲ. ಇದನ್ನು ಕೆಲವರು ಊಟದ ವೇಳೆಯ ಒಂದು ವಿಧಿಯೆಂದು ಮಾತ್ರ ತಿಳಿದಿದ್ದಾರೆ. ಆದರೆ ಇದೊಂದು ಒರೆಗಲ್ಲು. ಕೈಯಲ್ಲಿರುವುದನ್ನು ಲಿಂಗಕ್ಕೆ ತೋರಿಸಿ ಕೊಳ್ಳಬಹುದೇ ಎಂದು ಕೇಳಿಕೊಂಡರೆ ಸಾಕು. ಯಾವ ದೇಶದ ಯಾವ ನಿಯಮಾವಳಿಯನ್ನೂ ಓದಬೇಕಾಗಿಲ್ಲ. ಮುಚ್ಚಳ ಹಾಕಿದ ಬಟ್ಟಲನ್ನು ಯಾರೂ ಅರ್ಪಿಸಲಾರರು. ಅರ್ಪಣವೆಂದರೆ ತೆರೆಯುವುದು, ಮರೆಯೆಂದರೆ ಮುಚ್ಚುವುದು. ಇವೆರಡೂ ಒಂದೇ ಕೈಯಲ್ಲಿ ನಿಲ್ಲುವುದಿಲ್ಲ.

ಎರಡನೆಯದು: ಕುಡಿಯುವಾಗ ಲಿಂಗವನ್ನು ತೆಗೆದಿಡುವ ಪದ್ಧತಿ. ಇದು ಕಡಲಾಚೆಯವರಲ್ಲಿ ಮಾತ್ರವಿದೆಯೆಂದು ನಂಬಿ ಸಮಾಧಾನಪಡುವಂತಿಲ್ಲ. ನಮ್ಮ ಊರುಗಳಲ್ಲಿಯೂ ಗೂಟಕ್ಕೆ ಕರಡಿಗೆಯನ್ನು ತೂಗುಹಾಕಿ ಹೊರಗೆ ಹೋಗುವವರುಂಟು. ಅವರ ಮನಸ್ಸಿನಲ್ಲಿ ಅದು ಲಿಂಗಕ್ಕೆ ತೋರುವ ಗೌರವ. ಆದರೆ ಸ್ವಲ್ಪ ಯೋಚಿಸಿದರೆ ಇದರ ನಿಜರೂಪವು ತಿಳಿಯುತ್ತದೆ. ವನಪಾಲಕನಿಗೆ ಕಾಣಬಾರದೆಂದು ಬಟ್ಟಲಿಗೆ ಮುಚ್ಚಳವನ್ನು ಹಾಕುವುದೂ, ಲಿಂಗಕ್ಕೆ ಕಾಣಬಾರದೆಂದು ಕರಡಿಗೆಯನ್ನು ಗೂಟಕ್ಕೆ ಹಾಕುವುದೂ ಒಂದೇ ಉಪಾಯದ ಎರಡು ರೂಪಗಳು. ಮೊದಲನೆಯದರಲ್ಲಿ ಶಾಸನವು ವಂಚಿತವಾಗುತ್ತದೆ. ಎರಡನೆಯದರಲ್ಲಿ ವಂಚಿತನಾಗುವವನು ಭಕ್ತನೇ. ಅಂಗಕ್ಕೂ ಲಿಂಗಕ್ಕೂ ಅಗಲಿಕೆಯಾಗಕೂಡದೆಂಬುದು ದೀಕ್ಷೆಯ ಪ್ರತಿಜ್ಞೆ. ಒಂದು ಲೋಟಕ್ಕಾಗಿ ಆ ಪ್ರತಿಜ್ಞೆಯನ್ನು ಬಿಚ್ಚಿಡುವವನು ಲೋಟದ ಬೆಲೆಯನ್ನು ಸರಿಯಾಗಿ ಲೆಕ್ಕಹಾಕಿಲ್ಲ. ಆದರೂ ವೃದ್ಧನು ಕಂಡಂತೆ ಇದರಲ್ಲಿ ಒಂದು ಆಶಾಕಿರಣವೂ ಇದೆ. ನಾಚುವವನು ಪೂರ್ಣವಾಗಿ ಕೆಟ್ಟವನಲ್ಲ. ನಾಚಿಕೆಯೇ ಮರಳಿ ಬರುವ ದಾರಿ.

ಮೂರನೆಯದು: ಮಗುವಿನ ಪ್ರಶ್ನೆ. ಆ ರಾತ್ರಿಯಲ್ಲಿ ಹೆಚ್ಚು ನಷ್ಟವಾಗಲಿದ್ದುದು ಅವನಿಗೇ. ಮದ್ಯದ ರುಚಿಯು ಅವನಿಗೆ ತಿಳಿಯದು. ಆದರೆ ಕಾವಲುಗಾರನನ್ನು ಏಮಾರಿಸಿ ನಗುವುದರ ರುಚಿಯನ್ನು ಅವನು ನೋಡುತ್ತಿದ್ದನು. ದೊಡ್ಡವರು ನಿಯಮದ ಮುಂದೆ ಒಂದು ಮುಖವನ್ನೂ ನಿಯಮದ ಬೆನ್ನ ಹಿಂದೆ ಮತ್ತೊಂದು ಮುಖವನ್ನೂ ಇಟ್ಟುಕೊಂಡಿರುತ್ತಾರೆಂಬ ಪಾಠವು ಬೆಂಕಿಯ ಬೆಳಕಿನಲ್ಲಿ ಅವನಿಗೆ ಆಗುತ್ತಿತ್ತು. ಹತ್ತು ವರ್ಷಗಳ ತರುವಾಯ ಅದೇ ಬಾಲಕನು ತಂದೆತಾಯಿಗಳ ಮುಂದೆ ಮುಚ್ಚಳವಿರುವ ಲೋಟವನ್ನು ಹಿಡಿದು, ಎಲ್ಲವೂ ಕ್ಷೇಮವೆಂದು ನಕ್ಕರೆ, ಆ ವಿದ್ಯೆಯು ಎಲ್ಲಿಂದ ಬಂದಿತೆಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ. ತಂದೆಯು ಬೆಳಿಗ್ಗೆ ಮಗುವಿನ ಮುಂದೆ ಕುಳಿತು ನಿಜವನ್ನು ಹೇಳಿದ್ದರಿಂದ ಆ ಪಾಠವು ಅಳಿಸಿತು. ಅದಕ್ಕಿಂತ ದೊಡ್ಡದಾದ ಮತ್ತೊಂದು ಪಾಠವು ಆಯಿತು.

ನಿಯಮವು ಅವಕಾಶವನ್ನು ಕೊಡುವ ಕಡೆ ಬಹಿರಂಗವಾಗಿ ಕುಡಿಯಬಹುದಲ್ಲವೆ, ಅಲ್ಲಿ ಮರೆಯ ದೋಷವಿಲ್ಲವಲ್ಲವೆ ಎಂದು ಯಾರಾದರೂ ಕೇಳಬಹುದು. ಆ ದೇಶದ ಶಾಸನಕ್ಕೆ ಅವನು ಅಪರಾಧಿಯಲ್ಲವೆಂಬುದು ಸತ್ಯ. ಬೇರೆ ಧರ್ಮದ ನೆರೆಯವನು ತನ್ನ ತಾಣದಲ್ಲಿ ಕುಳಿತು ನಿಯಮಾನುಸಾರವಾಗಿ ಕುಡಿಯುತ್ತಿದ್ದರೆ ಅವನನ್ನು ಹಳಿಯುವುದೂ ಭಕ್ತನ ಕೆಲಸವಲ್ಲ. ಆದರೆ ಶಾಸನವು ಬಿಟ್ಟುದೆಲ್ಲವೂ ಧರ್ಮಕ್ಕೆ ಸಮ್ಮತವೆಂದು ಹೇಳಲಾಗದು. ಶಾಸನವು ಊರಿನ ಎಲ್ಲೆಗಲ್ಲು. ಸದಾಚಾರವು ಮನೆಯ ಹೊಸ್ತಿಲು. ಎಲ್ಲೆಯೊಳಗಿದ್ದ ಮಾತ್ರಕ್ಕೆ ಮನೆಯೊಳಗಿದ್ದಂತಾಗುವುದಿಲ್ಲ. ಅಂಟಾರಿಯೋದಲ್ಲಿ ಹತ್ತೊಂಬತ್ತಕ್ಕೆ ಸರಿಯಾದುದು ಟೆಕ್ಸಾಸಿನಲ್ಲಿ ಇಪ್ಪತ್ತೊಂದರ ವರೆಗೆ ತಪ್ಪಾಗುತ್ತದೆ. ಒಂದು ಕಾಲದಲ್ಲಿ ಕೂಡದಾದುದು ಮತ್ತೊಂದು ಕಾಲದಲ್ಲಿ ಕೂಡುತ್ತದೆ. ಕರಸ್ಥಲದ ಲಿಂಗಕ್ಕೆ ಹೀಗೆ ದೇಶಕಾಲಗಳ ಭೇದವಿಲ್ಲ. ಅಂಗವನ್ನು ಲಿಂಗದ ಪೀಠವೆಂದು ಒಪ್ಪಿದವನು ಅರಿವನ್ನು ಕೆಡಿಸುವ ವಸ್ತುವನ್ನು ಆ ಪೀಠದ ಮೇಲೆ ತಾನಾಗಿ ಸುರಿದುಕೊಳ್ಳಲಾರನು. ಅರಿವೇ ಗುರುವೆಂಬ ಮತದಲ್ಲಿ ಅರಿವನ್ನು ಮಂಕುಮಾಡುವುದು ಗುರುದ್ರೋಹಕ್ಕೆ ಸಮನಲ್ಲವೆ?

ಹೀಗೆಂದ ಮಾತ್ರಕ್ಕೆ ಕುಡಿತಕ್ಕೆ ಸಿಕ್ಕಿದವನನ್ನು ದೂರ ತಳ್ಳಬೇಕೆಂದು ಅರ್ಥವಲ್ಲ. ಶರಣರ ಸಮೂಹದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದನು. ಧರ್ಮೇಶ್ವರಲಿಂಗವೆಂಬ ಅಂಕಿತದ ಅವನ ವಚನಗಳು ಇಂದಿಗೂ ಉಳಿದಿವೆ. ಹೆಂಡ ಮಾರುವ ವೃತ್ತಿಯವನೆಂದು ಅವನನ್ನು ಯಾರೂ ಹೊರಗಿಡಲಿಲ್ಲ. ಅವನೂ ತನ್ನ ವೃತ್ತಿಯನ್ನು ಮುಚ್ಚಿಡಲಿಲ್ಲ. ಹೆಸರಿನ ಹಿಂದೆಯೇ ಅದನ್ನು ಹೊತ್ತುಕೊಂಡು, ಆ ವೃತ್ತಿಯ ಮಾತುಗಳಿಂದಲೇ ಲೋಕದ ಅಮಲನ್ನು ಎತ್ತಿತೋರಿಸಿ ಶಿವಾನುಭವವನ್ನು ನುಡಿದನು. ಮುಚ್ಚಿಟ್ಟ ದೋಷವು ಬೆಳೆಯುತ್ತದೆ, ತೆರೆದಿಟ್ಟದ್ದು ಕರಗುತ್ತದೆ ಎಂಬುದಕ್ಕೆ ಅವನ ಬಾಳೇ ನಿದರ್ಶನ. ಇದೇ ಅಮೇರಿಕಾ ದೇಶದ ಒಹಾಯೋ ರಾಜ್ಯದಲ್ಲಿ ೧೯೩೫ರಲ್ಲಿ ಆರಂಭವಾದ ‘ಆಲ್ಕೊಹಾಲಿಕ್ಸ್ ಅನಾನಿಮಸ್’ ಎಂಬ ಬಳಗದಲ್ಲಿಯೂ ಮೊದಲ ಮೆಟ್ಟಿಲೆಂದರೆ, ತಾನು ಮದ್ಯದ ಮುಂದೆ ಸೋತವನೆಂದು ಒಪ್ಪಿಕೊಳ್ಳುವುದು. ಬಹುಕಾಲ ಹೆಚ್ಚಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ನಡುಕ, ಅಪಸ್ಮಾರದಂತಹ ಸೆಳೆತ ಮೊದಲಾದ ಅಪಾಯಗಳು ಉಂಟಾಗಬಹುದು. ಆದುದರಿಂದ ಅಂತಹವನನ್ನು ಮನೆಯವರು ಬೈಯದೆ ವೈದ್ಯನ ಬಳಿಗೆ ಕರೆದೊಯ್ಯಬೇಕು. ವೈದ್ಯನ ಮುಂದೆಯೂ ಮರೆಮಾಚಬಾರದು.

ನಮ್ಮ ನಾಡಿನಲ್ಲಿರುವವರು ಇದನ್ನು ಓದಿ, ಇದು ಹೊರನಾಡಿನವರ ಮಾತೆಂದು ಪತ್ರಿಕೆಯನ್ನು ಮಡಿಸಿಡಬಾರದು. ಸಾರ್ವಜನಿಕ ಸ್ಥಳದಲ್ಲಿ ಮದ್ಯಪಾನವು ಕರ್ನಾಟಕದ ಅಬಕಾರಿ ಕಾಯಿದೆಯ ಪ್ರಕಾರವೂ ದಂಡನೀಯವಾದುದೇ. ಆದರೂ ಹೊಳೆಯ ದಂಡೆಗಳಲ್ಲಿಯೂ ಬೆಟ್ಟದ ಬಂಡೆಗಳ ಮೇಲೆಯೂ ಒಡೆದ ಸೀಸೆಗಳು ದನಗಳ ಕಾಲಿಗೂ ಮಕ್ಕಳ ಕಾಲಿಗೂ ನಾಟುತ್ತಿರುವುದನ್ನು ಎಲ್ಲರೂ ಕಾಣುತ್ತಿದ್ದಾರೆ. ಸಾಗರದಾಚೆಯ ಮಗನಿಗೆ ಬುದ್ಧಿ ಹೇಳುವ ತಂದೆಯು ತನ್ನ ಊರಿನ ಹೊಳೆಯ ದಂಡೆಯನ್ನು ನೋಡಿಕೊಳ್ಳದಿದ್ದರೆ ಅವನ ಮಾತಿಗೆ ತೂಕವಿರುವುದಿಲ್ಲ.

ಕೊನೆಯದಾಗಿ ಗೃಹಸ್ಥರು ಆಚರಣೆಯಲ್ಲಿ ತರಬಹುದಾದುದು ಇಷ್ಟು. ವನೋದ್ಯಾನಕ್ಕೆ ಹೋಗುವಾಗ ಆ ತಾಣದ ನಿಯಮವನ್ನು ಮೊದಲೇ ತಿಳಿದುಕೊಂಡು ಮಕ್ಕಳಿಗೂ ತಿಳಿಸಬೇಕು. ನಿಯಮವು ಪರರ ನೆಮ್ಮದಿಗಾಗಿ ಇದೆಯೆಂದು ಹೇಳಿದರೆ ಮಕ್ಕಳು ಅದನ್ನು ಸುಲಭವಾಗಿ ಗ್ರಹಿಸುತ್ತಾರೆ. ಗೆಳೆಯರು ಲೋಟವನ್ನು ಮುಂದೆ ಚಾಚಿದರೆ, ಒಲ್ಲೆನೆಂದು ನಗುಮುಖದಿಂದ ಹೇಳಿ ಅವರೊಡನೆಯೇ ಕುಳಿತಿರಬೇಕು. ಒಬ್ಬನು ಒಲ್ಲೆನೆಂದರೆ ಆ ಗುಂಪಿನಲ್ಲಿ ಒಲ್ಲದ ಮತ್ತೊಬ್ಬನಿಗೂ ಧೈರ್ಯ ಬರುತ್ತದೆ. ಒಲೆಯ ಮೇಲೆ ಕಾಫಿಯನ್ನೋ ಬೆಲ್ಲದ ಕಷಾಯವನ್ನೋ ಕಾಯಿಸಿ ಎಲ್ಲರಿಗೂ ಕೊಡಬೇಕು, ಅದೂ ದಾಸೋಹವೇ. ಇದಕ್ಕೆಲ್ಲ ಮುಂಚೆ, ಗುಡಾರದ ಗಂಟನ್ನು ಕಟ್ಟುವಾಗ ಕರಡಿಗೆಯು ಗೂಟದಲ್ಲಿ ಉಳಿಯದಂತೆ ನೋಡಿಕೊಳ್ಳಬೇಕು.

ಕತ್ತಲಾದ ಕಾಡಿನಲ್ಲಿ ಪಾಲಕನ ಗಾಡಿಯು ಬಂದು ಹೋಗುತ್ತದೆ. ಅವನ ದೀಪದ ಬೆಳಕು ಬೀಳುವಷ್ಟು ದೂರ ಮಾತ್ರ ಅವನ ಅಧಿಕಾರ. ಎದೆಯ ಮೇಲಿನ ಜ್ಯೋತಿಗೆ ಅಂತಹ ಎಲ್ಲೆಯಿಲ್ಲ. ಅದು ದಂಡಿಸುವುದಕ್ಕಾಗಿ ನೋಡುವುದಿಲ್ಲ, ಜೊತೆಯಲ್ಲಿರುವುದಕ್ಕಾಗಿ ನೋಡುತ್ತದೆ. ಆ ಜೊತೆಯನ್ನು ಒಪ್ಪಿಕೊಂಡವನಿಗೆ ಮುಚ್ಚಳದ ಬಟ್ಟಲು ಬೇಕಾಗುವುದಿಲ್ಲ. ಅವನ ಕೈಯಲ್ಲಿರುವ ಬಟ್ಟಲನ್ನು ಪಾಲಕನು ಕೇಳಿದರೂ ತೋರಿಸಬಹುದು, ಮಗುವು ಕೇಳಿದರೂ ಕೊಡಬಹುದು, ಬೆಳಗಾದ ಮೇಲೆ ಅದೇ ಬಟ್ಟಲಿನಿಂದ ಲಿಂಗಕ್ಕೆ ಮಜ್ಜನವನ್ನೂ ಎರೆಯಬಹುದು.